ಸುಟ್ಟ ಟಿಸಿ ಬದಲಿಸುವ ಮುನ್ನ ಸ್ಟಾರ್ಟರ್ ನೋಡಿ

ಸಭಿಕರೇ,

ವಿದ್ಯುತ್ ವ್ಯವಸ್ಥೆಗಳ ಈ ಅಂತಾರಾಷ್ಟ್ರೀಯ ಸಮ್ಮೇಳನದಲ್ಲಿ ನನ್ನ ಪಾಲಿಗೆ ಬಂದಿರುವ ವಿಷಯ 11 ಕೆವಿ ಲೈನಿನ ಕೊನೆಯಲ್ಲಿ, ಹೊಲದಂಚಿನ ಜೋಡಿ ಕಂಬದ ಮೇಲೆ ಕೂತಿರುವ 63 ಕೆವಿಎ ಟಿಸಿ, ಅಂದರೆ ಪಂಪುಗಳಿಗೆ ವೋಲ್ಟೇಜ್ ಇಳಿಸಿಕೊಡುವ ಟ್ರಾನ್ಸ್‌ಫಾರ್ಮರ್.

ಸುಟ್ಟ ಟಿಸಿಯ ಫ್ಯೂಸ್ ಪೆಟ್ಟಿಗೆ ತೆರೆದು ನೋಡಿ. ಫ್ಯೂಸ್ ತಂತಿ ಇರಬೇಕಾದ ಕಡೆ ಬಹಳ ಸಲ ಅಲ್ಯೂಮಿನಿಯಂ ಲೈನಿನಿಂದ ಬಿಚ್ಚಿದ ಒಂದೆಳೆ ಸುತ್ತಿರುತ್ತದೆ. ಪಿಂಗಾಣಿ ಕಪ್ಪಗಾಗಿರುತ್ತದೆ, ಎಳೆ ಮಾತ್ರ ಗಟ್ಟಿಯಾಗಿರುತ್ತದೆ. ಇಂಥ ಲೈನಿಗೆ ಬಳಸುವ ವೀಸಲ್ ಎಂಬ ತಂತಿಯ ಒಂದೆಳೆ 2.59 ಮಿ.ಮೀ. ದಪ್ಪ. ಲೆಕ್ಕದ ಪ್ರಕಾರ ಅದು ಕರಗಲು ಸುಮಾರು 250 ಆಂಪಿಯರ್ ಬೇಕು. ಟಿಸಿಯ ಪೂರ್ಣ ಲೋಡೇ 433 ವೋಲ್ಟಿನ ಕಡೆ 84 ಆಂಪಿಯರ್. ದೂರದ ಹೊಲದಲ್ಲಿ ಜೋತುಬಿದ್ದ ತಂತಿಗಳು ಒಂದಕ್ಕೊಂದು ತಾಗಿ 200 ಆಂಪಿಯರ್ ಹರಿದರೂ ಎಳೆ ಕರಗುವುದಿಲ್ಲ. ಆದರೆ ಟಿಸಿಯೊಳಗಿನ ಸುರುಳಿಯ ಕಾವು ಕರೆಂಟಿನ ವರ್ಗಕ್ಕೆ ತಕ್ಕಂತೆ ಏರುತ್ತದೆ, ಅಂದರೆ ಪೂರ್ಣ ಲೋಡಿನ ಐದೂವರೆ ಪಟ್ಟಿಗೂ ಹೆಚ್ಚು. ಮೊದಲು ಕಾಗದದ ಹೊದಿಕೆ ಕರಕಲಾಗುತ್ತದೆ, ಆಮೇಲೆ ಸುತ್ತುಗಳು ಒಳಗೇ ಶಾರ್ಟ್ ಆಗುತ್ತವೆ.

ಇದಕ್ಕೆ ರೈತರನ್ನು ಬೈದು ಕೈತೊಳೆದುಕೊಳ್ಳುವುದು ನನಗೆ ಒಪ್ಪಿಗೆಯಿಲ್ಲ. ಸರಿಯಾದ ತಂತಿ ಹಾಕಿದರೆ ಅದು ಪದೇ ಪದೇ ಹೋಗುತ್ತದೆ, ಬೆಳೆ ಒಣಗುತ್ತದೆ. ಯಾಕೆ ಹೋಗುತ್ತದೆ ಎಂಬುದನ್ನು ನೋಡಬೇಕು.

ಒಂದು ಟಿಸಿಗೆ 5 ಎಚ್‌ಪಿಯ ಹತ್ತು ಪಂಪುಗಳಿವೆ ಎಂದುಕೊಳ್ಳಿ. ಒಂದೊಂದಕ್ಕೆ ಸುಮಾರು 7.5 ಆಂಪಿಯರ್, ಒಟ್ಟು 75. ಲೋಡು ಮಿತಿಯೊಳಗೇ ಇದೆ. ಆದರೆ ಎಲ್ಲಕ್ಕೂ ಕರೆಂಟು ಬಂದೊಡನೆ ತಾನೇ ಮೋಟಾರು ಹಾಕುವ ಆಟೊ ಸ್ಟಾರ್ಟರ್. ತ್ರೀ ಫೇಸ್ ಬಂದ ಕೂಡಲೇ ಹತ್ತೂ ಮೋಟಾರು ಒಟ್ಟಿಗೆ ಏಳುತ್ತವೆ. ಮೋಟಾರನ್ನು ಪೂರ್ಣ ವೋಲ್ಟೇಜಿಗೆ ನೇರ ಜೋಡಿಸುವ ಡೈರೆಕ್ಟ್ ಸ್ಟಾರ್ಟಿನಲ್ಲಿ ಆರು ಪಟ್ಟು ಎಳೆದರೆ 450 ಆಂಪಿಯರ್. ವೋಲ್ಟೇಜ್ ಕುಸಿದು ಮೋಟಾರು ವೇಗ ಹಿಡಿಯುವುದಿಲ್ಲ, ಭಾರೀ ಕರೆಂಟು ಇಳಿಯುವುದೂ ಇಲ್ಲ. ಇಂಥಲ್ಲಿ ಸರಿಯಾದ ಫ್ಯೂಸ್ ಹೇಗೆ ನಿಂತೀತು?

ಪ್ರತಿ ಸ್ಟಾರ್ಟರಿಗೂ ಟೈಮರ್ ಹಾಕಿ, ಒಂದಕ್ಕೊಂದು 20 ಸೆಕೆಂಡು ಅಂತರ ಕೊಡಿ. ಕೊನೆಯದು ಏಳುವಾಗ ಒಂಬತ್ತು ಪಂಪು ಓಡುತ್ತಿರುತ್ತವೆ: 67.5ಕ್ಕೆ 45 ಕೂಡಿಸಿದರೆ ಸುಮಾರು 112 ಆಂಪಿಯರ್, ಅದೂ ಕೆಲವೇ ಸೆಕೆಂಡು. ಮೂರೂವರೆ ನಿಮಿಷದೊಳಗೆ ಎಲ್ಲವೂ ನೀರೆತ್ತುತ್ತವೆ. ಜೊತೆಗೆ ಪ್ರತಿ ಮೋಟಾರಿಗೆ, ಅದರ ಕಾಂತಕ್ಷೇತ್ರಕ್ಕೆ ಬೇಕಾದ ಕರೆಂಟಿನ ಪಾಲನ್ನು ಅಲ್ಲೇ ಒದಗಿಸುವ 2 ಕೆವಿಎಆರ್ ಕೆಪಾಸಿಟರ್ ಕೂರಿಸಿದರೆ ಲೈನಿನಿಂದ ಎಳೆಯುವ ಕರೆಂಟು 6.5ರ ಆಸುಪಾಸಿಗೆ ಇಳಿಯುತ್ತದೆ.

ಟಿಸಿ ಒಳಗೆಳೆಯುವ ಗಾಳಿಯ ತೇವ ಹೀರುವ ಬ್ರೀದರನ್ನೂ ಮರೆಯಬೇಡಿ. ನೀಲಿ ಸಿಲಿಕಾ ಜೆಲ್ ಗುಲಾಬಿ ಬಣ್ಣಕ್ಕೆ ತಿರುಗಿದರೆ ಅದು ತೇವ ಕುಡಿದು ಮುಗಿಸಿದೆ, ಮುಂದಿನ ತೇವವೆಲ್ಲ ಟಿಸಿಯೊಳಗಿನ ಎಣ್ಣೆಗೆ. 2.5 ಮಿ.ಮೀ. ಅಂತರದಲ್ಲಿ ಎಣ್ಣೆ 30 ಕೆವಿ ತಡೆಯದಿದ್ದರೆ ಸೋಸಬೇಕು. ಅರ್ಥ್ ಪಿಟ್ (ನೆಲಕ್ಕೆ ಜೋಡಿಸುವ ಗುಂಡಿ) ಮೂರು ಇರಲಿ: ಒಂದು ಸಿಡಿಲು ನಿರೋಧಕಕ್ಕೆ ಮಾತ್ರ. ಉಳಿದೆರಡಕ್ಕೂ ನ್ಯೂಟ್ರಲ್‌ನಿಂದ ಒಂದೊಂದು, ಬಾಡಿಯಿಂದ ಒಂದೊಂದು ಪ್ರತ್ಯೇಕ ತಂತಿ.

ಟಿಸಿ ಬದಲಿಸುವಾಗ ಮೊದಲು ಎಲ್‌ಟಿ (433 ವೋಲ್ಟಿನ ಕಡೆಯ) ಲೈನಿನಲ್ಲಿ ಕೊನೆಯ ಕಂಬದವರೆಗೆ ನಡೆದು ಬನ್ನಿ. ಜೋತ ತಂತಿ, ಒರಗಿದ ಕೊಂಬೆ ಹಾಗೇ ಉಳಿದರೆ ಹೊಸ ಟಿಸಿಯೂ ಅದೇ ದಿನ ಹೋಗಬಹುದು. ಇನ್ಸುಲೇಷನ್ ಅಳೆಯುವ ಮೆಗ್ಗರಿಟ್ಟು ಎಚ್‌ಟಿಯಿಂದ (11 ಕೆವಿ ಕಡೆಯಿಂದ) ಅರ್ಥ್, ಎಲ್‌ಟಿಯಿಂದ ಅರ್ಥ್, ಎಚ್‌ಟಿಯಿಂದ ಎಲ್‌ಟಿ ಅಳೆಯಿರಿ. ಅಳೆಯುವಾಗ ನ್ಯೂಟ್ರಲ್ ಅರ್ಥ್ ಬಿಚ್ಚಿರಬೇಕು, ಅಳೆದ ಮೇಲೆ ತಪ್ಪದೆ ಕಟ್ಟಬೇಕು. ಬಳಿಕ ಲೋಡಿಲ್ಲದೆ ಚಾರ್ಜ್ ಮಾಡಿ, ಮೂರೂ ಫೇಸಿನ ವೋಲ್ಟೇಜ್ ಸಮವಿದೆಯೇ ನೋಡಿ, ಅಷ್ಟು ಹೊತ್ತು ಎಲ್ಲ ಸ್ಟಾರ್ಟರುಗಳೂ ಆಫ್ ಇರಲಿ. ಆಮೇಲೆ ಪಂಪುಗಳನ್ನು ಒಂದೊಂದಾಗಿ ಹಾಕಿಸುತ್ತಾ ಕ್ಲಾಂಪ್ ಮೀಟರಿನಲ್ಲಿ ಮೂರೂ ಫೇಸಿನ ಕರೆಂಟು ಬರೆದುಕೊಳ್ಳಿ.