ಬಿನ್ನಿಪೇಟೆಯಲ್ಲಿ ಮನೆ ಕೊಳ್ಳುವ ಮುನ್ನ

ನಮಸ್ಕಾರ. ಈಗ ನೀವು ನೋಡುತ್ತಿರುವ ಗಲ್ಲಿಯ ಎಡಕ್ಕೆ ಹೆಂಚಿನ ಮನೆಗಳ ಸಾಲು. ಬಾಗಿಲ ಮುಂದೆ ಬಣ್ಣಬಣ್ಣದ ಪ್ಲಾಸ್ಟಿಕ್ ಕೊಡಗಳಿವೆ. ಕ್ಯಾಮೆರಾವನ್ನು ಸ್ವಲ್ಪ ಮೇಲಕ್ಕೆತ್ತಿದರೆ ಕತ್ತು ನೋಯುವಷ್ಟು ಎತ್ತರದ ಅಪಾರ್ಟ್‌ಮೆಂಟುಗಳು. ಇದು ಬೆಂಗಳೂರಿನ ಬಿನ್ನಿಪೇಟೆ. ಮೆಜೆಸ್ಟಿಕ್‌ಗೆ ಇಷ್ಟು ಹತ್ತಿರವಿದ್ದರೂ ಮನೆ ಕೊಳ್ಳುವವರು ಬಹಳ ಕಾಲ ಇತ್ತ ತಲೆಹಾಕಿರಲಿಲ್ಲ. ಈಗ ದಲ್ಲಾಳಿಗಳು, "ಇವತ್ತೇ ಮುಂಗಡ ಕೊಡಿ, ಮುಂದಿನ ವರ್ಷ ಈ ಬೆಲೆಗೆ ಸಿಗುವುದಿಲ್ಲ" ಎನ್ನುತ್ತಿದ್ದಾರೆ. ನಾನೂ ನನ್ನ ಗಂಡನೂ ಇಲ್ಲಿಯೇ ಮನೆ ಹುಡುಕುತ್ತಿದ್ದೇವೆ. ಹಾಗಾಗಿ ಆ ಮಾತು ಎಷ್ಟು ನಿಜ ಎಂಬುದನ್ನು ನಮಗಾಗಿಯೇ ತಿಳಿದುಕೊಳ್ಳಬೇಕಾಗಿತ್ತು.

ಪೇಟೆಗೆ ಹೆಸರು ಬಂದದ್ದು ಬಿನ್ನಿ ಮಿಲ್ಲಿನಿಂದ. 1884ರಲ್ಲಿ ಬೆಂಗಳೂರು ಉಲನ್, ಕಾಟನ್ ಅಂಡ್ ಸಿಲ್ಕ್ ಮಿಲ್ಸ್ ಎಂದು ಆರಂಭವಾದ ಕಾರ್ಖಾನೆ ಮುಂದೆ ಮದರಾಸಿನ ಬಿನ್ನಿ ಕಂಪನಿಯ ಕೈಸೇರಿತು. ಮಿಲ್ಲಿಗೆ ಬಂದ ಕಾರ್ಮಿಕರು ಸುತ್ತಮುತ್ತಲ ಕಾಟನ್‌ಪೇಟೆ, ಗೋಪಾಲಪುರ, ಕೆಂಪಾಪುರ ಅಗ್ರಹಾರಗಳಲ್ಲಿ ನೆಲೆಸಿದರು. ಇಂದಿಗೂ ಇಲ್ಲಿನ ಒಂದೇ ಬೀದಿಯಲ್ಲಿ ಕನ್ನಡ, ತಮಿಳು, ತೆಲುಗು, ಉರ್ದು ನಾಲ್ಕೂ ಕಿವಿಗೆ ಬೀಳುತ್ತವೆ. ಮಿಲ್ಲು ಮುಚ್ಚಿತು, ಜಮೀನು ಉಳಿಯಿತು. ಆ ಜಮೀನಿನ ಮೇಲೆ ಅಪಾರ್ಟ್‌ಮೆಂಟುಗಳೂ ಮಾಲ್ ಕೂಡ ಎದ್ದವು. ಮಲ್ಲೇಶ್ವರದಲ್ಲಿ ರಾಜಾ ಮಿಲ್ ಇದ್ದ ಕಡೆ ಮಂತ್ರಿ ಸ್ಕ್ವೇರ್ ಬಂದದ್ದೂ ಇದೇ ಕಥೆ. ನಗರದ ನಡುವೆ ದೊಡ್ಡ ತುಂಡು ಜಾಗ ಒಂದೇ ಒಡೆಯನ ಕೈಯಲ್ಲಿ ಇದ್ದದ್ದು ಇಂಥ ಮಿಲ್ಲುಗಳಲ್ಲಿ. ಬಿಲ್ಡರುಗಳು ಮೊದಲು ಅಲ್ಲಿಗೇ ಬಂದದ್ದರಲ್ಲಿ ಆಶ್ಚರ್ಯವಿಲ್ಲ.

ಬೆಲೆಗೆ ನಿಜವಾದ ಕಸುವು ಬಂದದ್ದು ಮೆಟ್ರೊದಿಂದ. 2015ರ ನವೆಂಬರ್‌ನಲ್ಲಿ ಮೈಸೂರು ರಸ್ತೆಯಿಂದ ಮಾಗಡಿ ರಸ್ತೆಯವರೆಗೆ ನೇರಳೆ ಮಾರ್ಗ ತೆರೆಯಿತು. 2016ರ ಏಪ್ರಿಲ್‌ನಲ್ಲಿ ಸುರಂಗದ ಭಾಗವೂ ಸೇರಿಕೊಂಡಿತು. 2023ರ ಅಕ್ಟೋಬರ್‌ನಿಂದ ವೈಟ್‌ಫೀಲ್ಡಿನವರೆಗೂ ಒಂದೇ ರೈಲು. ಐಟಿ ಕಚೇರಿಗೆ ಹೋಗುವವರು ಮಾಗಡಿ ರಸ್ತೆಯ ಹತ್ತಿರ ಮನೆ ಮಾಡುವ ಯೋಚನೆಗೆ ಅರ್ಥ ಬಂದದ್ದು ಆಗಲೇ. ಮುಂದಕ್ಕೂ ಆಸೆ ಇದೆ. 2024ರ ಆಗಸ್ಟ್‌ನಲ್ಲಿ ಕೇಂದ್ರ ಸಚಿವ ಸಂಪುಟ ಒಪ್ಪಿಗೆ ಕೊಟ್ಟ ಮೂರನೇ ಹಂತದಲ್ಲಿ ಹೊಸಹಳ್ಳಿಯಿಂದ ಕಡಬಗೆರೆಗೆ ಮಾಗಡಿ ರಸ್ತೆಯುದ್ದಕ್ಕೂ ಸುಮಾರು 12.5 ಕಿಲೋಮೀಟರ್ ಮಾರ್ಗವಿದೆ. ಹೊಸಹಳ್ಳಿ ಇಲ್ಲಿಂದ ದೂರವೇನಲ್ಲ. ಆದರೆ ಒಂದು ಮಾತು ನೆನಪಿರಲಿ: ನಮ್ಮ ಊರಿನ ಮೆಟ್ರೊ ಹೇಳಿದ ದಿನಕ್ಕೆ ಬಂದದ್ದು ಕಡಿಮೆ. ಇನ್ನೂ ಓಡದ ರೈಲಿಗೆ ಇಂದೇ ದುಡ್ಡು ಕೊಡಬೇಡಿ. ಇರುವ ನಿಲ್ದಾಣದ ಬೆಲೆ ಕೊಡಿ, ಸಾಕು.

ಇನ್ನೊಂದು ಅನುಕೂಲವನ್ನು ದಲ್ಲಾಳಿಗಳು ಹೇಳುವುದೇ ಇಲ್ಲ, ನನಗೆ ಮಾತ್ರ ಅದೇ ದೊಡ್ಡದು. ಇದು ಹಳೆಯ ಪೇಟೆ, ಕಾವೇರಿ ನೀರಿನ ಕೊಳವೆ, ಒಳಚರಂಡಿ ಎರಡೂ ಇವೆ. 2024ರ ಬೇಸಿಗೆಯಲ್ಲಿ ನಗರದ ಹೊರವಲಯದ ಹೊಸ ಬಡಾವಣೆಗಳು ಟ್ಯಾಂಕರ್‌ಗಾಗಿ ಪಟ್ಟ ಪಾಡನ್ನು ನೋಡಿದವರಿಗೆ ಇದರ ಬೆಲೆ ಗೊತ್ತು. ಹಾಗೆಂದು ನೆಮ್ಮದಿಯಾಗಿ ಕೂರುವಂತೆಯೂ ಇಲ್ಲ. ವಠಾರಗಳಿಗೆಂದು ಹಾಕಿದ ಕೊಳವೆಗೆ ಈಗ ನೂರಾರು ಫ್ಲ್ಯಾಟುಗಳು ಬಾಯಿ ಇಟ್ಟಿವೆ. ಮನೆ ನೋಡಲು ಹೋದಾಗ ನೀರು ವಾರಕ್ಕೆ ಎಷ್ಟು ಸಲ ಬರುತ್ತದೆ ಎಂದು ಕೆಳಗಿನ ಮನೆಯವರನ್ನೇ ಕೇಳಿ. ಇಲ್ಲಿನ ಮಳೆನೀರು ಹರಿದು ಸೇರುವುದು ವೃಷಭಾವತಿ ನದಿಗೆ, ಹಾಗಾಗಿ ರಾಜಕಾಲುವೆ ಎಷ್ಟು ದೂರದಲ್ಲಿದೆ ಎಂಬುದನ್ನೂ ಕೇಳಿ. ಜೋರು ಮಳೆ ಬಂದ ಮರುದಿನ ಬೆಳಿಗ್ಗೆ ಒಮ್ಮೆ ಬಂದು ನೋಡಿದರೆ ಇನ್ನೂ ಒಳ್ಳೆಯದು. ಗೋಡೆಯ ಮೇಲಿನ ತೇವದ ಗೆರೆ ಸುಳ್ಳು ಹೇಳುವುದಿಲ್ಲ.

ಈಗ ಬೆಲೆಯ ವಿಚಾರ. ಹಳೆಯ ಪೇಟೆಯಲ್ಲಿ ಬೆಲೆ ಏರುವುದು ನೆಲಕ್ಕೆ, ಗೋಡೆಗಲ್ಲ. ಕಟ್ಟಡ ವರ್ಷವರ್ಷಕ್ಕೂ ಹಳತಾಗುತ್ತದೆ. ನಾನು ಈ ವಿಡಿಯೊ ಮಾಡುತ್ತಿರುವುದೇ ಇದನ್ನು ಹೇಳುವುದಕ್ಕೆ. ಇಪ್ಪತ್ತು-ಮೂವತ್ತರ ಸೈಟು ಎಂದರೆ 600 ಚದರಡಿ ನೆಲ, ಅಷ್ಟೂ ನಿಮ್ಮದು. ಎತ್ತರದ ಕಟ್ಟಡದಲ್ಲಿ ಅದರ ಎರಡರಷ್ಟು ವಿಸ್ತೀರ್ಣದ ಫ್ಲ್ಯಾಟ್ ಕೊಂಡರೂ ನಿಮ್ಮ ಪಾಲಿನ ಅವಿಭಜಿತ ನೆಲ, ಎಂದರೆ ಕಟ್ಟಡ ನಿಂತ ಜಾಗದಲ್ಲಿ ನಿಮಗೆ ಸೇರುವ ಪಾಲು, ಅದಕ್ಕಿಂತ ತೀರಾ ಕಡಿಮೆ ಇರಬಹುದು. ಕ್ರಯಪತ್ರದ ಷೆಡ್ಯೂಲಿನಲ್ಲಿ, ಅಂದರೆ ಆಸ್ತಿಯ ವಿವರ ಕೊಡುವ ಭಾಗದಲ್ಲಿ, ಆ ಅಂಕಿ ಬರೆದಿರುತ್ತದೆ. ಈಜುಕೊಳ, ಜಿಮ್, ಕ್ಲಬ್‌ಹೌಸ್ ನೋಡುವ ಮೊದಲು ಆ ಸಾಲನ್ನು ಓದಿ. ಎಂಟೋ ಹತ್ತೋ ಮನೆಗಳಿರುವ ಸಣ್ಣ ಕಟ್ಟಡದಲ್ಲಿ ಸೌಕರ್ಯ ಕಡಿಮೆ, ಆದರೆ ನೆಲದ ಪಾಲು ಸಾಮಾನ್ಯವಾಗಿ ಹೆಚ್ಚು, ತಿಂಗಳ ನಿರ್ವಹಣಾ ಶುಲ್ಕವೂ ಹಗುರ.

ಹಾಗಾದರೆ ಸೀದಾ ಹಳೆಯ ಮನೆಯನ್ನೇ ಕೊಳ್ಳಬಾರದೇ? ಕೊಳ್ಳಬಹುದು, ಆದರೆ ಇಲ್ಲಿ ಕಾಗದಪತ್ರಗಳು ಗೋಡೆಗಳಿಗಿಂತ ಹೆಚ್ಚು ಬಿರುಕು ಬಿಟ್ಟಿರುತ್ತವೆ. ಅಜ್ಜನ ಹೆಸರಿನಲ್ಲಿರುವ ವಠಾರಕ್ಕೆ ಮಕ್ಕಳು, ಮೊಮ್ಮಕ್ಕಳು ಸೇರಿ ಹತ್ತಾರು ವಾರಸುದಾರರು. ಮಾರಲು ಬರುವವರು ಗಂಡುಮಕ್ಕಳು ಇಬ್ಬರೇ ಆಗಿರುತ್ತಾರೆ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯ ನಂತರ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು ಇದೆ, 2020ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಇನ್ನಷ್ಟು ಸ್ಪಷ್ಟಪಡಿಸಿದೆ. "ನಮ್ಮ ಅಕ್ಕ ಹೊಸೂರಿನಲ್ಲಿದ್ದಾರೆ, ಅವರದೇನೂ ತಕರಾರಿಲ್ಲ" ಎಂದರೆ ಒಪ್ಪಬೇಡಿ. ಅಕ್ಕ ಬಂದು ಸಹಿ ಹಾಕಬೇಕು. ವಂಶವೃಕ್ಷ, ಕನಿಷ್ಠ ಮೂವತ್ತು ವರ್ಷದ ಋಣಭಾರ ಪ್ರಮಾಣಪತ್ರ (ಆಸ್ತಿಯ ಮೇಲೆ ನೋಂದಣಿಯಾದ ಮಾರಾಟ, ಅಡಮಾನಗಳ ಪಟ್ಟಿ), ಇ-ಖಾತಾ ಮೂರನ್ನೂ ನಿಮ್ಮದೇ ವಕೀಲರ ಕೈಗೆ ಕೊಡಿ, ಮಾರುವವರು ತೋರಿಸಿದ ವಕೀಲರ ಕೈಗಲ್ಲ. ಹೊಸ ಕಟ್ಟಡವಾದರೆ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರದ (ರೇರಾ) ನೋಂದಣಿ, ಕಟ್ಟಡದಲ್ಲಿ ವಾಸಕ್ಕೆ ಅನುಮತಿ ಕೊಡುವ ಸ್ವಾಧೀನಾನುಭವ ಪತ್ರ ಎರಡನ್ನೂ ನೋಡಿ. ಖರ್ಚಿನ ಲೆಕ್ಕದಲ್ಲಿ ನೋಂದಣಿಯನ್ನು ಮರೆಯಬೇಡಿ. 2025ರ ಆಗಸ್ಟ್ ಕೊನೆಯಿಂದ ನೋಂದಣಿ ಶುಲ್ಕ ಶೇ 1ರಿಂದ ಶೇ 2ಕ್ಕೆ ಏರಿದೆ. ಮುದ್ರಾಂಕ ಶುಲ್ಕ, ಸೆಸ್, ಸರ್ಚಾರ್ಜ್ ಸೇರಿದರೆ ಶೇ 7.6. ಒಂದು ಕೋಟಿಯ ಮನೆಗೆ ಏಳು ಲಕ್ಷದ ಅರವತ್ತು ಸಾವಿರ. ಎರಡು ಮೂರು ವರ್ಷದಲ್ಲಿ ಮಾರಿ ಲಾಭ ಮಾಡುತ್ತೇವೆ ಎನ್ನುವವರ ಲಾಭವನ್ನು ಮೊದಲು ತಿನ್ನುವುದು ಇದೇ.

ಕಾಗದದಲ್ಲಿ ಕಾಣದ ಇನ್ನೊಂದು ಸಂಗತಿ ಇದೆ, ಭೋಗ್ಯ. ಬಾಡಿಗೆಯ ಬದಲು ಒಟ್ಟಿಗೆ ಐದಾರು ಲಕ್ಷ ಕೊಟ್ಟು ಎರಡು ಮೂರು ವರ್ಷ ಇರುವುದು, ಬಿಡುವಾಗ ಹಣ ವಾಪಸ್ ಪಡೆಯುವುದು. ಇಲ್ಲಿ ಎಷ್ಟೋ ಸಂಸಾರಗಳು ಬದುಕುತ್ತಿರುವುದು ಹೀಗೆಯೇ. ಆ ಕರಾರು ಬಹುಪಾಲು ನೋಂದಣಿಯಾಗಿರುವುದಿಲ್ಲ, ಹಾಗಾಗಿ ಋಣಭಾರ ಪತ್ರದಲ್ಲಿ ಅದರ ಸುಳಿವೂ ಇರುವುದಿಲ್ಲ. ನಾವು ನೋಡಿದ ಒಂದು ಹಳೆಯ ಮನೆಯ ಕೆಳಗಿನ ಕೋಣೆಯಲ್ಲಿ ಹೂ ಕಟ್ಟಿ ಮಾರುವ ಹೆಂಗಸೊಬ್ಬರು ಇದ್ದರು. ಒಡೆಯರು ಮೇಲೆ ಬೆಲೆ ಹೇಳುತ್ತಿದ್ದಾಗ ಅವರು ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದರು: "ನೀವು ತೆಗೆದುಕೊಂಡರೆ ನಮ್ಮ ದುಡ್ಡು ಯಾರು ಕೊಡುತ್ತಾರಮ್ಮ?" ಒಡೆಯರು ಆ ಹಣವನ್ನು ಮಗಳ ಮದುವೆಗೆ ಖರ್ಚು ಮಾಡಿಯಾಗಿತ್ತು. ಮನೆ ಮಾರಾಟವಾಗುತ್ತಿದೆ ಎಂಬುದೂ ಆಕೆಗೆ ಅಂದೇ ತಿಳಿದದ್ದು.

ದಯವಿಟ್ಟು ಈ ಪ್ರಶ್ನೆಯನ್ನು ಬದಿಗೆ ಸರಿಸಬೇಡಿ. ಮನೆಯಲ್ಲಿ ಯಾರು ಇದ್ದಾರೆ, ಯಾವ ಕರಾರಿನ ಮೇಲೆ ಇದ್ದಾರೆ ಎಂದು ಅವರನ್ನೇ ನೇರವಾಗಿ ಕೇಳಿ. ಭೋಗ್ಯದ ಹಣವನ್ನು ಬೆಲೆಯಲ್ಲಿ ಕಳೆದು, ನೋಂದಣಿಯ ದಿನವೇ ಅವರ ಖಾತೆಗೆ ಹೋಗುವಂತೆ ಕರಾರುಪತ್ರದಲ್ಲಿ ಬರೆಸಿ. ಹಾಗೆ ಮಾಡಿದರೆ ನಿಮಗೆ ಖಾಲಿ ಮನೆ ಸಿಗುತ್ತದೆ, ಅವರು ಬೀದಿಗೆ ಬೀಳುವುದಿಲ್ಲ. ಈ ಪೇಟೆಗೆ ಹೊಸಬರು ಬರುವುದನ್ನು ಯಾರೂ ತಡೆಯಲಾರರು. ಆದರೆ ಇಲ್ಲಿ ಬೆಳಿಗ್ಗೆ ಐದಕ್ಕೆ ತೆರೆಯುವ ಹೋಟೆಲು, ಸಂಜೆಯ ತಳ್ಳುಗಾಡಿ, ಮನೆಗೆಲಸದವರು, ಆಟೊ ಓಡಿಸುವವರು ಎಲ್ಲರೂ ಇರುವುದು ಆ ಹೆಂಚಿನ ಮನೆಗಳಲ್ಲಿಯೇ. ಅವರೆಲ್ಲ ಊರಾಚೆ ಹೋದಮೇಲೆ ಉಳಿಯುವ ಬಿನ್ನಿಪೇಟೆಯನ್ನು ನಾನು ದುಬಾರಿ ಬೆಲೆ ಕೊಟ್ಟು ಕೊಳ್ಳಲು ಸಿದ್ಧಳಿಲ್ಲ.

ಹಾಗಾಗಿ ನನ್ನ ಲೆಕ್ಕ ಇಷ್ಟು. ಹದಿನೈದು ವರ್ಷ ಇಲ್ಲಿಯೇ ಇರುವವರಿಗೆ, ದಿನವೂ ರೈಲಿನಲ್ಲಿ ಓಡಾಡುವವರಿಗೆ ಬಿನ್ನಿಪೇಟೆ ಒಳ್ಳೆಯ ಆಯ್ಕೆ. ಬಾಡಿಗೆಯಿಂದ ಸಾಲದ ಕಂತು ತೀರಿಸುತ್ತೇನೆ ಎನ್ನುವವರು ಬೇರೆ ದಾರಿ ನೋಡುವುದು ಮೇಲು, ಇಲ್ಲಿನ ಬಾಡಿಗೆ ಕಂತಿನ ಹತ್ತಿರಕ್ಕೂ ಬರುವುದಿಲ್ಲ. ನಾವು ಹೂವಿನವರಿದ್ದ ಮನೆಯನ್ನು ಬಿಟ್ಟೆವು. ಒಡೆಯರು ಭೋಗ್ಯದ ಷರತ್ತಿಗೆ ಒಪ್ಪಲಿಲ್ಲ. ಈಗ ಮಾಗಡಿ ರಸ್ತೆಯ ನಿಲ್ದಾಣಕ್ಕೆ ನಡೆದೇ ಹೋಗಬಹುದಾದ ಒಂದು ಸಣ್ಣ ಕಟ್ಟಡದ ಎರಡನೇ ಮಹಡಿಯ ಫ್ಲ್ಯಾಟಿನ ಕಾಗದಗಳು ವಕೀಲರ ಬಳಿ ಇವೆ. ಈ ಕಡೆ ವಠಾರದ ಮನೆ ಕೊಂಡವರು, ಮಾರಿದವರು, ಭೋಗ್ಯದ ಹಣಕ್ಕಾಗಿ ಅಲೆದವರು ಇದ್ದರೆ ನಿಮ್ಮ ಅನುಭವವನ್ನು ಕೆಳಗೆ ಬರೆಯಿರಿ. ಮುಂದಿನ ವಿಡಿಯೊದಲ್ಲಿ ಕ್ರಯಪತ್ರದ ಷೆಡ್ಯೂಲನ್ನು ಸಾಲು ಸಾಲಾಗಿ ಓದಿ ತೋರಿಸುತ್ತೇನೆ.