ಅವ್ವಿಲಿ ಯಾವುದು?

ಕೇಳುಗರಿಗೆ ನಮಸ್ಕಾರ.

ಕಕ್ಕಡ ತಿಂಗಳ ಮಳೆ ಹಿಡಿದರೆ ನಮ್ಮ ಮಡಿಕೇರಿಯಲ್ಲಿ ಮಕ್ಕಳೆಲ್ಲ ಮನೆಯೊಳಗೇ. ಹೊರಗೆ ಬಿಟ್ಟರೆ ಜಿಗಣೆ, ಒಳಗಿಟ್ಟರೆ ರಗಳೆ. ಹೋದ ವರ್ಷ ಐದು ವರ್ಷದ ಮೊಮ್ಮಗಳನ್ನು ಹಿಡಿದು ಕೂರಿಸಲು ಒಂದು ಚಿತ್ರಪುಸ್ತಕ ತೆಗೆದೆ. ಕುವೆಂಪು ಅವರ ಕಿಂದರಿಜೋಗಿ ಪದ್ಯ, ಪುಟಪುಟಕ್ಕೂ ಚಿತ್ರ.

ನಿಜ ಹೇಳಬೇಕೆಂದರೆ ನನಗೆ ಇಂಥ ಪುಸ್ತಕಗಳ ಮೇಲೆ ಅಷ್ಟು ನಂಬಿಕೆ ಇರಲಿಲ್ಲ. ಪದ್ಯ ಕಿವಿಗೆ ಬಿದ್ದರೆ ಸಾಕು, ಚಿತ್ರ ಯಾಕೆ ಅಂತ ನನ್ನ ವಾದ. ಇಲಿಗಳು ಬರುವ ಜಾಗ ನಿಮಗೂ ನೆನಪಿರಬೇಕು. ಸಣ್ಣಿಲಿ, ದೊಡ್ಡಿಲಿ ಅಂತ ಶುರುವಾಗಿ ಅಣ್ಣ, ತಮ್ಮ, ಅವ್ವ, ಅಪ್ಪ ಎಲ್ಲರೂ ಇಲಿಗಳಾಗಿ ಓಡಿಬರುತ್ತಾರೆ. ನಾನು ಶಾಲೆಯಲ್ಲಿ ಕಲಿತ ಹಾಗೇ ಒಂದೇ ಉಸಿರಿಗೆ ಓದಿಬಿಟ್ಟೆ. ಅವಳು ಕೈ ಹಿಡಿದು ನಿಲ್ಲಿಸಿದಳು.

"ಅಜ್ಜಿ, ಅವ್ವಿಲಿ ಯಾವುದು?"

ಹುಡುಕಿದೆವು. ಚಿತ್ರ ಬರೆದವರು ಯಾವ ಇಲಿಗೂ ಹೆಸರು ಬರೆದಿರಲಿಲ್ಲ. ಮರಿಯನ್ನು ಬೆನ್ನಿಗೆ ಹಾಕಿಕೊಂಡದ್ದು ಅವ್ವ ಅಂತ ಅವಳೇ ತೀರ್ಮಾನಿಸಿದಳು. ಹೊಟ್ಟೆ ಬಿಟ್ಟುಕೊಂಡು ಎಲ್ಲರಿಗಿಂತ ಹಿಂದೆ ಬಿದ್ದದ್ದು ಮಾವ. ನಮ್ಮ ಮನೆಯಲ್ಲೂ ಅಂಥವರೊಬ್ಬರಿದ್ದಾರೆ, ಹೆಸರು ಬೇಡ. ಅರ್ಧ ಗಂಟೆ ಅದೇ ಪುಟ. ಅಷ್ಟರಲ್ಲಿ ಆ ಸಾಲುಗಳು ಅವಳಿಗೆ ಬಾಯಿಪಾಠ ಆಗಿದ್ದವು.

ಈ ಪದ್ಯದ ಮೂಲ ಇಂಗ್ಲಿಷಿನದು. ರಾಬರ್ಟ್ ಬ್ರೌನಿಂಗ್ ಅದನ್ನು 1842ರಲ್ಲಿ ಪ್ರಕಟಿಸಿದರು. 1888ರಲ್ಲಿ ಕೇಟ್ ಗ್ರೀನ್‌ಅವೇ ಅದಕ್ಕೆ ಚಿತ್ರ ಬರೆದರು. ಅಲ್ಲಿ ಮಕ್ಕಳು ಹಳೇ ಕಾಲದ ಉದ್ದ ಫ್ರಾಕು, ಟೋಪಿ ತೊಟ್ಟಿದ್ದಾರೆ. ಇಲಿಗಳು ಬೀಳುವುದು ಜರ್ಮನಿಯ ವೆಸರ್ ನದಿಗೆ. ಕುವೆಂಪು ನದಿಯನ್ನೇ ಬದಲಿಸಿ ತುಂಗೆಯನ್ನು ತಂದರು. ಹಾಗಾದರೆ ಚಿತ್ರವೂ ತುಂಗೆಯ ದಡಕ್ಕೆ ಬರಬೇಕು, ಅಲ್ವಾ?

ಇದನ್ನು ಹೇಳಲು ಕಾರಣ ಇದೆ. ನಮ್ಮ ಮಡಿಕೇರಿಯ ಹೈಸ್ಕೂಲಿನಲ್ಲಿ ಮುಖ್ಯೋಪಾಧ್ಯಾಯರಾಗಿದ್ದ ಪಂಜೆ ಮಂಗೇಶರಾಯರು ನಮ್ಮ ಸುಗ್ಗಿ ಹಬ್ಬವಾದ ಹುತ್ತರಿಯ ಹೆಸರಿನಲ್ಲಿ ಹುತ್ತರಿ ಹಾಡು ಬರೆದರು. ಅದಕ್ಕೆ ಯಾರಾದರೂ ಚಿತ್ರ ಬರೆಯಲು ಕೂತರೆ ಮೊದಲು ಕೈ ಹೋಗುವುದು ಹಳದಿ ಗದ್ದೆ, ಮೇಲೊಂದು ನಗುವ ಸೂರ್ಯನಿಗೆ. ಆದರೆ ಹುತ್ತರಿಯ ದಿನ ನಾವು ಕದಿರು ತೆಗೆಯುವುದು ರಾತ್ರಿ. ಹುಣ್ಣಿಮೆ ಬೆಳಕು, ಮಂಜು, ಗಾಳಿಗೆ ಹಾರಿಸಿದ ಗುಂಡು, 'ಪೊಲಿ ಪೊಲಿ ದೇವಾ' ಅನ್ನುವ ಕೂಗು. ಆ ಪುಟಕ್ಕೆ ಕಪ್ಪು ಬಣ್ಣ ಜಾಸ್ತಿ ಬೇಕು. ಮಕ್ಕಳ ಪುಸ್ತಕ ಅಂದ ಕೂಡಲೇ ಎಲ್ಲದಕ್ಕೂ ಸೂರ್ಯನನ್ನು ನಗಿಸಬೇಕಾಗಿಲ್ಲ. ಪದ್ಯದಲ್ಲಿ ಗಂಟೆ ಇದ್ದರೆ ಪಕ್ಕದಲ್ಲೂ ಒಂದು ಗಂಟೆ ಬರೆದು ಕೈತೊಳೆದುಕೊಳ್ಳುವವರಿದ್ದಾರೆ. ಅಂಥ ಚಿತ್ರದಲ್ಲಿ ಮಗು ಹುಡುಕುವುದೇನು?

ನೀವು ಓದುವಾಗ ಮೊದಲ ಸಲ ಪುಸ್ತಕ ಮುಚ್ಚಿಟ್ಟೇ ಪದ್ಯ ಹೇಳಿ. ತಾಳ ಕಿವಿಗೆ ಹತ್ತಲಿ. ಆಮೇಲೆ ಪುಟ ತೆರೆಯಿರಿ. ಅರ್ಥ ಕೇಳಬೇಡಿ. ಪರೀಕ್ಷೆಗೆ ಮುಂದೆ ಬೇಕಾದಷ್ಟು ಕಾಲ ಇದೆ.

ಆ ಮಳೆಗಾಲದಲ್ಲೇ ಒಂದು ಸಂಜೆ ಓದುತ್ತಿದ್ದಾಗ ಕರೆಂಟು ಹೋಯಿತು. ನಾನು ಮೇಣದಬತ್ತಿ ಹುಡುಕಲು ಅಡುಗೆಮನೆಗೆ ಹೋದೆ. ಹಿಂದಿನಿಂದ ಅವಳ ದನಿ ಕೇಳುತ್ತಲೇ ಇತ್ತು. ಅಣ್ಣಿಲಿ, ತಮ್ಮಿಲಿ, ಅವ್ವಿಲಿ. ನಡುವೆ ಒಂದು ಗಳಿಗೆ ಸುಮ್ಮನಾದಳು. ಕತ್ತಲಲ್ಲೇ ಪುಟ ತಿರುಗಿಸಿದ ಸದ್ದು.

ನಮಸ್ಕಾರ.