ಒಂದಕ್ಷರ ತಪ್ಪಿದ್ರೆ ಏನಾಗುತ್ತೆ ಅಂತ ಕೇಳಿದವರಿಗೆ

ನಮಸ್ಕಾರ ಗೆಳೆಯರೇ. ಇವತ್ತು ಟಿಎಲ್‌ಎಸ್ ಹ್ಯಾಂಡ್‌ಶೇಕ್, ಅಂದರೆ ಬ್ರೌಸರ್ ಮತ್ತು ಸರ್ವರ್ ಭದ್ರವಾಗಿ ಮಾತು ಶುರು ಮಾಡುವ ರೀತಿಯ ಬಗ್ಗೆ ಮಾತಾಡಬೇಕಿತ್ತು. ಸ್ಕ್ರಿಪ್ಟ್ ಕೂಡ ಬರೆದಿಟ್ಟಿದ್ದೆ. ಅದನ್ನು ಪಕ್ಕಕ್ಕಿಟ್ಟಿದ್ದೇನೆ. ಕಾರಣ, ಒಂದು ಕಾಮೆಂಟ್.

ಓಪನ್‌ಎಸ್‌ಎಸ್‌ಎಲ್ ಅಂದರೆ ಇಂಟರ್ನೆಟ್ ಸಂಪರ್ಕವನ್ನು ಭದ್ರ ಮಾಡುವ ಕೋಡ್ ಲೈಬ್ರರಿ. ಹೋದ ವಾರ ಅದರ ಮ್ಯಾನ್ ಪೇಜ್‌ಗಳಲ್ಲಿ, ಅಂದರೆ ಅದನ್ನು ಬಳಸುವುದು ಹೇಗೆ ಅಂತ ಹೇಳುವ ಪುಟಗಳಲ್ಲಿ, ಸ್ಪೆಲ್ಲಿಂಗ್ ತಪ್ಪು ಹುಡುಕಿ ತಿದ್ದುವುದು ಹೇಗೆ ಅಂತ ತೋರಿಸಿದ್ದೆ, ನೆನಪಿದೆ ಅಲ್ವಾ? ಅದರ ಕೆಳಗೆ ಒಬ್ಬರು ಬರೆದಿದ್ದಾರೆ: "ಸಾರ್, ಇದೂ ಒಂದು ಕೆಲಸನಾ? ಒಂದಕ್ಷರ ಆಚೆ ಈಚೆ ಆದ್ರೆ ಅರ್ಥ ಆಗಲ್ವಾ? ಕೋಡ್ ಬರೆಯೋದು ಹೇಳಿಕೊಡಿ."

ಆಗಲ್ಲ ಗೆಳೆಯ. ಅರ್ಥ ಆಗಲ್ಲ. ಇವತ್ತು ಪೂರ್ತಿ ಅದನ್ನೇ ಹೇಳುತ್ತೇನೆ.

ಓಪನ್‌ಎಸ್‌ಎಸ್‌ಎಲ್ 1998ರಿಂದ ಇದೆ. ನಿಮ್ಮ ಬ್ರೌಸರ್ ಮಾತಾಡುವ ಎಷ್ಟೋ ಸರ್ವರ್‌ಗಳ ಒಳಗೆ ಅದೇ ಕೂತಿದೆ. ಆದರೆ ಅದನ್ನು ಬಳಸುವ ಪ್ರೋಗ್ರಾಮರ್ ಅದರ ಸಿ ಕೋಡ್ ತೆರೆದು ನೋಡುತ್ತಾನಾ? ಇಲ್ಲ. ಮ್ಯಾನ್ ಪೇಜ್ ತೆರೆಯುತ್ತಾನೆ, ನಾಲ್ಕು ಸಾಲು ಓದುತ್ತಾನೆ, ಬರೆಯುತ್ತಾನೆ, ಊಟಕ್ಕೆ ಹೋಗುತ್ತಾನೆ. ಜನ ಓದುವುದು ಸೋರ್ಸ್ ಅಲ್ಲ, ಮ್ಯಾನ್ ಪೇಜ್. ಇದೊಂದು ಮಾತು ನೆನಪಿಟ್ಟುಕೊಳ್ಳಿ. ಇವತ್ತು ಇನ್ನೂ ಹತ್ತು ಸಲ ಹೇಳುತ್ತೇನೆ.

ನನಗೇ ಆದದ್ದು ಕೇಳಿ. ಕೆಲವು ವರ್ಷದ ಹಿಂದೆ ಒಂದು ಲೈಬ್ರರಿ ಬಳಸುತ್ತಿದ್ದೆ. ಹೆಸರು ಬೇಡ. ಸರ್ವರ್ ತೋರಿಸುವ ಸರ್ಟಿಫಿಕೇಟ್, ಅಂದರೆ ಅದರ ಗುರುತಿನ ಚೀಟಿ, ಅಸಲಿಯೋ ಅಂತ ನೋಡುವುದು ಒಂದು ಕೆಲಸ. ಅದು ನಾವು ಹೊರಟಿದ್ದ ಸರ್ವರ್‌ದೇನಾ ಅಂತ ನೋಡುವುದು ಇನ್ನೊಂದು ಕೆಲಸ. ಬಾಗಿಲಿಗೆ ಬಂದವನು ಅಸಲಿ ಆಧಾರ್ ಕಾರ್ಡೇ ತೋರಿಸುತ್ತಾನೆ, ಆದರೆ ಕಾರ್ಡು ಪಕ್ಕದ ಮನೆಯವರದು. ಒಳಗೆ ಬಿಡ್ತೀರಾ? ಎರಡನ್ನೂ ನೋಡಬೇಕು. ಆ ಎರಡನೇ ಕೆಲಸ ಹೇಗೆ ಮಾಡಿಸುವುದು ಅಂತ ಹುಡುಕಿದೆ. ಡಾಕ್ಯುಮೆಂಟೇಶನ್ ಫೋಲ್ಡರ್‌ನಲ್ಲಿ ಗ್ರೆಪ್ ಅನ್ನುವ ಪದ ಹುಡುಕುವ ಕಮಾಂಡ್ ಹೊಡೆದೆ, "ವೆರಿಫಿಕೇಶನ್" ಅಂತ. ಏಳೆಂಟು ಪುಟ ಬಂತು. ಒಂದರಲ್ಲೂ ಹೋಸ್ಟ್‌ನೇಮ್, ಅಂದರೆ ಸರ್ವರ್ ಹೆಸರಿನ ಸುದ್ದಿ ಇಲ್ಲ. ಸರಿ, ಲೈಬ್ರರಿ ತಾನೇ ನೋಡಿಕೊಳ್ಳುತ್ತೆ ಅಂದುಕೊಂಡೆ. ಸುಮ್ನೆ ಮುಂದೆ ಹೋದೆ.

ಮೂರು ವಾರ ಆದಮೇಲೆ ಟೆಸ್ಟಿಂಗ್‌ನಲ್ಲಿದ್ದ ಹುಡುಗಿ ಬಂದು ಹೇಳಿದಳು, "ಅಣ್ಣಾ, ಬೇರೆ ಡೊಮೇನ್ ಸರ್ಟಿಫಿಕೇಟ್ ಕೊಟ್ರೂ ಕನೆಕ್ಟ್ ಆಗ್ತಿದೆ." ಎದೆ ಧಸಕ್ ಅಂತು. ಮತ್ತೆ ಪುಟ ಪುಟ ಕಣ್ಣಲ್ಲೇ ಓದಿದೆ. ಸಿಕ್ಕಿತು. ಒಂದು ಪುಟದ ಕೊನೆಯಲ್ಲಿ ನೀಟಾಗಿ ಬರೆದಿದ್ದರು, ಹೋಸ್ಟ್‌ನೇಮ್ ನೀವೇ ಸೆಟ್ ಮಾಡಬೇಕು ಅಂತ. ಆದರೆ ಆ ಸಾಲಿನಲ್ಲಿ ವೆರಿಫಿಕೇಶನ್ ಪದಕ್ಕೆ ಎಫ್ ಆದಮೇಲೆ ಬರಬೇಕಾದ ಐ ಇರಲಿಲ್ಲ. ಒಂದು ಐ! ಗ್ರೆಪ್‌ಗೆ ಅಂದಾಜು ಮಾಡಲು ಬರುವುದಿಲ್ಲ. ಅಕ್ಷರ ಕೂಡಿದರೆ ಸಿಗುತ್ತೆ, ಇಲ್ಲದಿದ್ದರೆ ಇಲ್ಲ. ತಪ್ಪಾಗಿ ಬರೆದ ಎಚ್ಚರಿಕೆ, ಬರೆಯದೇ ಇದ್ದ ಎಚ್ಚರಿಕೆಗೆ ಸಮ.

ಆವತ್ತು ರಾತ್ರಿಯೇ ಆ ಐ ಸೇರಿಸಿ ಕಳಿಸಿದೆ. ನಾನು ಓಪನ್ ಸೋರ್ಸ್‌ಗೆ ಕಳಿಸಿದ ಮೊದಲ ತಿದ್ದುಪಡಿ ಅದು. ಇವತ್ತಿಗೂ ಅದೇ ನನಗೆ ಜಾಸ್ತಿ ಹೆಮ್ಮೆ.

ಇನ್ನೊಂದು ಉದಾಹರಣೆ, ಓಪನ್‌ಎಸ್‌ಎಸ್‌ಎಲ್‌ದೇ. ಅದರಲ್ಲಿ ಎಷ್ಟೋ ಫಂಕ್ಷನ್ ಹೆಸರಲ್ಲಿ ಗೆಟ್0, ಗೆಟ್1 ಅಂತ ಇರುತ್ತೆ. ಗೆಟ್0 ಕೊಟ್ಟದ್ದು ಲೈಬ್ರರಿಯ ಸೊತ್ತು, ನೀವು ಫ್ರೀ ಮಾಡಬಾರದು, ಅಂದರೆ ಆ ಮೆಮೊರಿಯನ್ನು ಬಿಟ್ಟುಕೊಡಬಾರದು. ಗೆಟ್1 ಕೊಟ್ಟದ್ದಕ್ಕೆ ನೀವೇ ಜವಾಬ್ದಾರಿ, ಕೆಲಸ ಮುಗಿದ ಮೇಲೆ ಫ್ರೀ ಮಾಡಲೇಬೇಕು. ಈಗ ಪುಟದಲ್ಲಿ 0 ಇದ್ದಲ್ಲಿ 1 ಬಿತ್ತು ಅನ್ನಿ. ಅಥವಾ ಇಂಗ್ಲಿಷಿನ ನಾಟ್ ಅನ್ನುವ ಪದದ ಕೊನೆಯ ಟಿ ಹೋಗಿ ಡಬ್ಲ್ಯೂ ಬಂತು ಅನ್ನಿ. "ಫ್ರೀ ಮಾಡಬಾರದು" ಅನ್ನುವುದು "ಈಗ ಫ್ರೀ ಮಾಡಲೇಬೇಕು" ಆಗಿಹೋಯಿತು. ನಂಬಿ ಬರೆದವನ ಪ್ರೋಗ್ರಾಮ್ ಒಂದೇ ಮೆಮೊರಿಯನ್ನು ಎರಡು ಸಲ ಫ್ರೀ ಮಾಡುತ್ತೆ. ಹ್ಯಾಕರ್‌ಗಳು ಕಾಯುವುದೇ ಅಂಥದ್ದಕ್ಕೆ. "ಸ್ಪೆಲ್ ಚೆಕರ್ ಇದೆಯಲ್ಲ" ಅನ್ನಬೇಡಿ. ನೌ ಕೂಡ ಸರಿಯಾದ ಪದವೇ, ಅದು ಹೇಗೆ ಹಿಡಿಯುತ್ತೆ? ಕೋಡ್‌ಸ್ಪೆಲ್ ಅನ್ನುವ ಸ್ಪೆಲ್ ಚೆಕರ್ ನಾನೂ ಬಳಸುತ್ತೇನೆ, ಒಳ್ಳೆ ಟೂಲ್. ಆದರೂ ಮನುಷ್ಯ ಓದಲೇಬೇಕು. ಜನ ಓದುವುದು ಸೋರ್ಸ್ ಅಲ್ಲ, ಮ್ಯಾನ್ ಪೇಜ್!

ತಿದ್ದದೆ ಬಿಟ್ಟರೆ ಏನಾಗುತ್ತೆ ಅಂತ ಬೇಕಾ? ಎಚ್‌ಟಿಟಿಪಿಯ ರೆಫರರ್ ಹೆಡರ್ ನೋಡಿ. ಯಾವ ಪುಟದಿಂದ ಬಂದಿರಿ ಅಂತ ಬ್ರೌಸರ್ ಸರ್ವರ್‌ಗೆ ಹೇಳುವ ಸಾಲು ಅದು. ಇಂಗ್ಲಿಷ್ ಪದದ ನಡುವೆ ಎರಡು ಆರ್ ಬರಬೇಕು. ಒಂದೇ ಇದೆ. 1996ರಲ್ಲಿ ಬಂದ, ಆರ್‌ಎಫ್‌ಸಿ 1945 ಅನ್ನುವ ಎಚ್‌ಟಿಟಿಪಿ ದಾಖಲೆಯಲ್ಲಿ ಹಾಗೇ ಅಚ್ಚಾಯಿತು. ಅಷ್ಟರಲ್ಲಿ ಎಲ್ಲ ಕಡೆ ಸೇರಿಹೋಗಿತ್ತು. ಮೂವತ್ತು ವರ್ಷ ಆಯಿತು, ತಿದ್ದಲು ಆಗಿಲ್ಲ. ಆಮೇಲೆ ಬಂದ ರೆಫರರ್ ಪಾಲಿಸಿ ಹೆಡರ್‌ನಲ್ಲಿ ಸ್ಪೆಲ್ಲಿಂಗ್ ಸರಿಯಾಗಿದೆ. ಹಾಗಾಗಿ ಒಂದೇ ಪದ ಎರಡು ಥರ. ಡೆವಲಪರ್‌ಗಳು ಎರಡನ್ನೂ ಬಾಯಿಪಾಠ ಮಾಡಬೇಕು. ಆವತ್ತು ಒಬ್ಬರು ಡ್ರಾಫ್ಟ್ ಓದಿ ಕೈ ಎತ್ತಿದ್ದರೆ ಸಾಕಿತ್ತು.

ಇಂಟರ್ನೆಟ್‌ನಿಂದ ಡೇಟಾ ತರುವ ಕರ್ಲ್ ಲೈಬ್ರರಿಯದು ಸ್ಪೆಲ್ಲಿಂಗ್ ಕಥೆ ಅಲ್ಲ, ಆದರೂ ಹೇಳಲೇಬೇಕು. ಅದರ ವೆರಿಫೈಹೋಸ್ಟ್ ಸೆಟ್ಟಿಂಗ್‌ಗೆ 2 ಕೊಟ್ಟರೆ ಸರ್ವರ್ ಹೆಸರು ಕೂಡುತ್ತಾ ಅಂತ ನೋಡುತ್ತೆ. ಆಗೆಲ್ಲ 1 ಕೊಟ್ಟರೆ ಸರ್ಟಿಫಿಕೇಟ್‌ನಲ್ಲಿ ಯಾವುದೋ ಒಂದು ಹೆಸರಿದ್ದರೆ ಸಾಕಿತ್ತು. ಎಷ್ಟೋ ಪ್ರೋಗ್ರಾಮರ್‌ಗಳು ಅಲ್ಲಿ ಟ್ರೂ ಅಂತ ಬರೆದರು. ಟ್ರೂ ಅಂದರೆ 1. 2012ರಲ್ಲಿ ಟೆಕ್ಸಸ್ ಮತ್ತು ಸ್ಟ್ಯಾನ್‌ಫರ್ಡ್ ಸಂಶೋಧಕರು ಇದನ್ನು ಬಯಲಿಗೆ ತಂದರು. ಅದೇ ವರ್ಷ ಕರ್ಲ್ 7.28.1 ಬಂತು, 1 ಕೊಟ್ಟರೆ ಎರರ್ ಕೊಡಲು ಶುರು ಮಾಡಿತು. ಅಕ್ಷರ ಎಲ್ಲ ಸರಿ ಇದ್ದಾಗಲೇ ಓದುವವರು ಹೀಗೆ ಎಡವುತ್ತಾರೆ. ಅಕ್ಷರವೂ ತಪ್ಪಿದ್ದರೆ?

"ಇದೆಲ್ಲ ರೆಸ್ಯೂಮೆಗೋಸ್ಕರ ಮಾಡೋದು, 2020ರ ಹ್ಯಾಕ್ಟೋಬರ್‌ಫೆಸ್ಟ್ ನೋಡಿಲ್ವಾ" ಅಂತಾನೂ ಒಬ್ಬರು ಬರೆದಿದ್ದಾರೆ. ನೋಡಿದ್ದೇನೆ. ಓಪನ್ ಸೋರ್ಸ್‌ಗೆ ತಿದ್ದುಪಡಿ ಕಳಿಸಿದವರಿಗೆ ಟೀ ಶರ್ಟ್ ಕೊಡುತ್ತಿದ್ದ ಅಭಿಯಾನ ಅದು. ಟೀ ಶರ್ಟ್ ಆಸೆಗೆ ರೀಡ್‌ಮಿ ಫೈಲ್‌ಗೆ ಬೇಡದ ಪದ ತುರುಕಿ ಕಳಿಸಿದರು, ಪ್ರಾಜೆಕ್ಟ್ ನೋಡಿಕೊಳ್ಳುವ ಮೇಂಟೇನರ್‌ಗಳು ಕಂಗಾಲಾದರು. ಅದು ಕಸ ಸುರಿಯುವ ಕೆಲಸ. ಇದು ಕಸ ತೆಗೆಯುವ ಕೆಲಸ. ಎರಡಕ್ಕೂ ವ್ಯತ್ಯಾಸ ಕಾಣದಿದ್ದರೆ ನಾನೇನು ಹೇಳಲಿ?

ಓಪನ್‌ಎಸ್‌ಎಸ್‌ಎಲ್‌ನವರಿಗೆ ವ್ಯತ್ಯಾಸ ಗೊತ್ತು. ಇಂಥ ಸಣ್ಣ ತಿದ್ದುಪಡಿಗೆ ಅಂತಾನೇ ದಾರಿ ಇಟ್ಟಿದ್ದಾರೆ. ತಿದ್ದುಪಡಿ ಜೊತೆ ಬರೆಯುವ ಕಮಿಟ್ ಮೆಸೇಜ್‌ನಲ್ಲಿ "ಸಿಎಲ್‌ಎ: ಟ್ರಿವಿಯಲ್" ಅಂತ ಒಂದು ಸಾಲು ಹಾಕಿ, ಸಿಎಲ್‌ಎ ಅನ್ನುವ ಕೊಡುಗೆದಾರರ ಒಪ್ಪಂದಕ್ಕೆ ಸಹಿ ಹಾಕದೇ ಕಳಿಸಬಹುದು. ಮ್ಯಾನ್ ಪೇಜ್ ಪರೀಕ್ಷೆ ಮಾಡಲು "ಮೇಕ್ ಡಾಕ್-ನಿಟ್ಸ್" ಅಂತ ಬೇರೆ ಕಮಾಂಡೇ ಇದೆ. ಕೆಲಸ ಅಲ್ಲದಿದ್ದರೆ ಅವರು ಅದನ್ನೆಲ್ಲ ಯಾಕೆ ಮಾಡುತ್ತಿದ್ದರು?

ಮತ್ತೆ ಆ "ಅರ್ಥ ಆಗಲ್ವಾ" ಅನ್ನುವ ಮಾತು. ಅದು ನನಗೆ ನಾಟಿತು ಗೆಳೆಯರೇ. ನಾನು ಓದಿದ್ದು ಕನ್ನಡ ಮೀಡಿಯಂ. ಮೊದಲ ಕೆಲಸದಲ್ಲಿ ಮ್ಯಾನ್ಯುಯಲ್ ಪಕ್ಕ ಡಿಕ್ಷನರಿ ಇಟ್ಟುಕೊಂಡು ಓದಿದವನು. ಇಂಗ್ಲಿಷ್ ಮನೆಮಾತಾದವರು ತಪ್ಪು ಪದವನ್ನು ದಾಟಿಕೊಂಡು ಹೋಗುತ್ತಾರೆ. ನಾನು ಅದನ್ನು ಡಿಕ್ಷನರಿಯಲ್ಲಿ ಹುಡುಕುತ್ತಿದ್ದೆ. ಸಿಗುತ್ತಿರಲಿಲ್ಲ. ನನಗೇ ಬರಲ್ಲ, ನನ್ನದೇ ದಡ್ಡತನ ಅಂದುಕೊಳ್ಳುತ್ತಿದ್ದೆ. ತಪ್ಪು ಪುಟದಲ್ಲಿತ್ತು, ನಾಚಿಕೆ ನನಗಾಗುತ್ತಿತ್ತು. ಈಗಲೂ ಯಾವುದೋ ಪಿಜಿಯಲ್ಲಿ ಕೂತು ಹಾಗೆ ಓದುತ್ತಿರುವ ಹುಡುಗ ಹುಡುಗಿಯರಿದ್ದಾರೆ. ಅವರಿಗೋಸ್ಕರ ತಿದ್ದಿ. ನನಗೆ ಬೇರೆ ಕಾರಣವೇ ಬೇಡ. ಅವರು ಓದುವುದು ಸೋರ್ಸ್ ಅಲ್ಲ! ಮ್ಯಾನ್ ಪೇಜ್! ಮ್ಯಾನ್ ಪೇಜ್!

ಈ ಶನಿವಾರ ಸಂಜೆ ಏಳಕ್ಕೆ ಲೈವ್ ಇದೆ. ಸಬ್‌ಸ್ಕ್ರೈಬ್ ಮಾಡಿ, ಬೆಲ್ ಒತ್ತಿ. ಓಪನ್‌ಎಸ್‌ಎಸ್‌ಎಲ್ ಡಾಕ್ ಫೋಲ್ಡರ್‌ನಲ್ಲಿ ಫಂಕ್ಷನ್‌ಗಳ ಮ್ಯಾನ್ ಪೇಜ್ ಇರುವ ಮ್ಯಾನ್3 ತೆರೆದು, ಎ ಅಕ್ಷರದಿಂದ ಶುರು ಮಾಡಿ ಒಟ್ಟಿಗೆ ಓದೋಣ. ಕಾಮೆಂಟ್ ಹಾಕಿದ ಗೆಳೆಯ, ನೀವೂ ಬನ್ನಿ. ಮೊದಲ ಪುಟ ನೀವೇ ಜೋರಾಗಿ ಓದಿ.